ಹುಲಿಗೆವ್ವ ಉಳಿಸಿದ ಹಿಡಿ

ನಮ್ಮ ಲ್ಯಾಬಿನಲ್ಲಿ ಒಂಬತ್ತು ಜನ ಕೆಲಸ ಮಾಡುತ್ತೇವೆ. ಎಂಟು ಜನಕ್ಕೆ ಕುರ್ಚಿಯಿದೆ. ಒಂಬತ್ತನೆಯವಳು ಹುಲಿಗೆವ್ವ. ಅವಳು ನೆಲದ ಮೇಲೆ ಕೂತು ಮಾಡುವ ಕೆಲಸ ಹದಗೆಟ್ಟರೆ ಕುರ್ಚಿಯವರು ಮಾಡುವುದೆಲ್ಲ ದಂಡ. ಈ ಮಾತು ನನ್ನ ತಲೆಗೆ ಹೋಗಲು ಮೂರು ವರ್ಷ ಬೇಕಾಯಿತು, ಅದೂ ನಾವೆಲ್ಲ ಸೇರಿ ಅವಳನ್ನು ಕಳ್ಳಿ ಎಂದ ಮೇಲೆ.

ಲ್ಯಾಬು ಇರುವುದು ಬಿಟಿಎಂ ಎರಡನೇ ಹಂತದಲ್ಲಿ. ಕೆಳಗೆ ದೋಸೆ ಹೋಟೆಲು, ಎದುರಿಗೆ ಹುಡುಗರ ಪಿಜಿ, ರಸ್ತೆಯ ಎರಡೂ ಕಡೆ ಬೈಕು. ನಾನು ಚೂಡಾಮಣಿ, ವಯಸ್ಸು ಐವತ್ತೆಂಟು. ಜಯನಗರ ಒಂಬತ್ತನೇ ಬ್ಲಾಕಿನಿಂದ ದಿನಾ ಬಸ್ಸಿನಲ್ಲಿ ಬಂದು ಪರೀಕ್ಷೆಯ ವರದಿಗಳನ್ನು ಟೈಪ್ ಮಾಡಿ, ಸೀಲು ಒತ್ತಿ ಕಳಿಸುವುದು ನನ್ನ ಕೆಲಸ. ನನ್ನ ಬಾಯಿ ಜೋರು ಎಂದು ಮನೆಯಲ್ಲೂ ಹೇಳುತ್ತಾರೆ, ಇಲ್ಲೂ ಹೇಳುತ್ತಾರೆ. ಬಾಯಿ ಬೇಕಾದ ಹೊತ್ತಿನಲ್ಲೇ ಅದು ಮುಚ್ಚಿಕೊಳ್ಳುತ್ತದೆ ಎನ್ನುವುದು ನನಗೆ ಮಾತ್ರ ಗೊತ್ತಿರುವ ವಿಷಯ.

ನಾವು ಪರೀಕ್ಷೆ ಮಾಡುವುದು ಪೆಲೆಟ್ಟುಗಳನ್ನು. ಹತ್ತಿ ಬಿಡಿಸಿದ ಮೇಲೆ ಹೊಲದಲ್ಲಿ ಉಳಿಯುವ ಕಟ್ಟಿಗೆ, ತೊಗರಿ ಕಟ್ಟಿಗೆ, ಶೇಂಗಾ ಸಿಪ್ಪೆ, ಮೆಕ್ಕೆಜೋಳದ ದಿಂಡು, ಮೊದಲು ಬದುವಿನ ಮೇಲೆ ಬೆಂಕಿಯಿಟ್ಟು ಸುಡುತ್ತಿದ್ದ ಇಂಥದ್ದನ್ನೆಲ್ಲ ಪುಡಿ ಮಾಡಿ ಯಂತ್ರದಲ್ಲಿ ಒತ್ತಿ ಬೆರಳು ದಪ್ಪದ ತುಂಡು ಮಾಡುತ್ತಾರೆ. ನೋಡಲು ದನಕ್ಕೆ ಹಾಕುವ ಹಿಂಡಿಯ ಹಾಗೇ ಇರುತ್ತದೆ. ಕಲ್ಲಿದ್ದಲಿನಿಂದ ಕರೆಂಟು ಮಾಡುವ ಸ್ಥಾವರಗಳು ನೂರು ಕಿಲೋಗೆ ಐದು ಕಿಲೋದಂತೆ ಇದನ್ನು ಕಲ್ಲಿದ್ದಲಿನ ಜೊತೆ ಬೆರೆಸಿ ಉರಿಸಬೇಕು ಎಂದು ಸರ್ಕಾರ ಹೇಳಿದ ಮೇಲೆ ನಮ್ಮಂಥ ಲ್ಯಾಬುಗಳಿಗೆ ಕೈತುಂಬ ಕೆಲಸ ಬಂತು. ಪೆಲೆಟ್ಟಿನಲ್ಲಿ ನೀರೆಷ್ಟು, ಶಾಖವೆಷ್ಟು, ಉರಿದ ಮೇಲೆ ಉಳಿಯುವ ಬೂದಿ ಎಷ್ಟು ಎಂದು ನಾವು ಬರೆದುಕೊಡಬೇಕು. ಬೂದಿಯದೇ ದೊಡ್ಡ ತಂಟೆ. ಹೆಚ್ಚಾದರೆ ಅದು ಬಾಯ್ಲರಿನ ಒಳಗೆ ಕರಗಿ ಕೊಳವೆಗಳಿಗೆ ಅಂಟಿ ಕಲ್ಲಾಗುತ್ತದೆ, ಆಮೇಲೆ ಸ್ಥಾವರ ನಿಲ್ಲಿಸಿ ಕೆರೆಯಬೇಕಾಗುತ್ತದೆ. ನಾವು ವರದಿ ಕೊಡುವ ಸ್ಥಾವರದವರು ನೂರಕ್ಕೆ ಹನ್ನೆರಡಕ್ಕಿಂತ ಹೆಚ್ಚು ಬೂದಿ ಬರುವ ಲಾರಿಯನ್ನು ಗೇಟಿನಿಂದಲೇ ವಾಪಸ್ಸು ಕಳಿಸುವುದಾಗಿ ಕರಾರು ಮಾಡಿಕೊಂಡಿದ್ದರು.

ಲಾರಿ ತುಂಬಿಸುವಾಗಲೇ ಮೂರು ಚೀಲ ಮಾದರಿ ತೆಗೆಯುತ್ತಾರೆ, ಒಂದೊಂದರಲ್ಲೂ ನಾಲ್ಕು ಕಿಲೋ. ಒಂದು ಚೀಲ ನಮಗೆ, ಗೇಟಿನಲ್ಲಿ ಲಾರಿ ಬಿಡುವುದು ನಮ್ಮ ವರದಿ ನೋಡಿಯೇ. ಒಂದು ಸ್ಥಾವರದವರ ಸ್ವಂತ ಲ್ಯಾಬಿಗೆ, ಅದರ ಅಂಕಿ ಆಮೇಲೆ ಬರುತ್ತದೆ. ಮೂರನೆಯದು ಜಗಳ ಬಂದರೆ ಇರಲಿ ಎಂದು ಮೊಹರು ಹಾಕಿ ನಮ್ಮ ಕಪಾಟಿನಲ್ಲಿ. ಆದರೆ ಕುಲುಮೆಯಲ್ಲಿಟ್ಟು ಸುಡುವುದು ನಾಲ್ಕು ಕಿಲೋವನ್ನಲ್ಲ, ಒಂದು ಚಿಟಿಕೆ ಪುಡಿಯನ್ನು. ಆ ಚಿಟಿಕೆ ಇಡೀ ಲಾರಿಯ ಪರವಾಗಿ ಸಾಕ್ಷಿ ಹೇಳಬೇಕು. ನಾಲ್ಕು ಕಿಲೋವನ್ನು ನ್ಯಾಯವಾಗಿ ಚಿಟಿಕೆಗೆ ಇಳಿಸುವ ಕೆಲಸ ಹುಲಿಗೆವ್ವನದು.

ಹುಲಿಗೆವ್ವ ಕೊಪ್ಪಳದ ಕಡೆಯವಳು, ನಲವತ್ತೆರಡು ವರ್ಷ. ಗಂಡ ಬಸಪ್ಪ ಎದುರಿನ ಪಿಜಿಗೆ ಕಾವಲುಗಾರ. ಅವಳು ಮೊದಲು ಬಂದದ್ದು ನಮ್ಮಲ್ಲಿ ನೆಲ ಒರೆಸಲು. ಒಂದು ದಿನ ಒರೆಸುತ್ತ ಕೂತವಳು ತಟ್ಟೆಯಿಂದ ಬಿದ್ದ ಒಂದು ತುಂಡನ್ನು ಎತ್ತಿ ಮುರಿದು ಮೂಸಿ, "ಇದು ಬರೇ ಹತ್ತಿ ಕಟಗಿ ಅಲ್ರಿ, ಇದರಾಗ ತೊಗರಿನೂ ಹಾಕ್ಯಾರ," ಎಂದಳು. ಕೆಮಿಸ್ಟ್ ರವಿಕುಮಾರ ನಕ್ಕ. ಚೀಟಿ ತೆಗೆದು ನೋಡಿದರೆ ಎರಡೂ ಬೆರೆಸಿದೆ ಎಂದೇ ಬರೆದಿತ್ತು. ಹುಟ್ಟಿದಾಗಿನಿಂದ ಅದೇ ಕಟ್ಟಿಗೆಯ ಹೊಗೆಯಲ್ಲಿ ರೊಟ್ಟಿ ಬಡಿದವಳಿಗೆ ವಾಸನೆ ಗೊತ್ತಿಲ್ಲದಿರುತ್ತದೆಯೇ? ನಮ್ಮ ಮಾಲೀಕ ನರೇಂದ್ರ ಮಾರನೇ ದಿನವೇ ಅವಳನ್ನು ಮಾದರಿಯ ಕೋಣೆಗೆ ಹಾಕಿದ. ಸಂಬಳ ಸ್ವಲ್ಪ ಏರಿತು, ಕುರ್ಚಿ ಬರಲಿಲ್ಲ.

ಆ ಕೋಣೆಯಲ್ಲಿ ಅವಳು ಕೆಲಸ ಮಾಡುವುದನ್ನು ನಾನು ಬಾಗಿಲಿನಿಂದ ಎಷ್ಟೋ ಸಲ ನೋಡಿದ್ದೆ. ಚಪ್ಪಲಿ ಹೊರಗೆ ಬಿಟ್ಟು ಹೋಗುತ್ತಿದ್ದಳು. ಚೀಲವನ್ನು ದೊಡ್ಡ ಸ್ಟೀಲಿನ ತಟ್ಟೆಗೆ ಸುರಿದು ಮೊದಲು ರಾಶಿ ಮಾಡುವುದು, ಕೆಡವುವುದು, ಮತ್ತೆ ರಾಶಿ ಮಾಡುವುದು. ಆಮೇಲೆ ಅಂಗೈಯಿಂದ ಒತ್ತಿ ಚಪ್ಪಟೆ ಮಾಡಿ ಹಲಗೆಯಿಂದ ನಾಲ್ಕು ಪಾಲು. ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಉಳಿದೆರಡು ಬಿಡುವುದು, ಇಟ್ಟುಕೊಂಡದ್ದನ್ನು ಮತ್ತೆ ರಾಶಿ ಮಾಡುವುದು. ಅಷ್ಟು ಹೊತ್ತೂ ಬಾಯಿ ಬಿಡುತ್ತಿರಲಿಲ್ಲ. ಫೋನು ಬಂದರೆ ಎತ್ತುತ್ತಿರಲಿಲ್ಲ. ನಾನು ಮಾತಾಡಿಸಿದರೆ ಕೈಸನ್ನೆಯಲ್ಲೇ ಆಮೇಲೆ ಎನ್ನುತ್ತಿದ್ದಳು. ಪಾಲು ಎಣಿಸುವಾಗ ಮಾತ್ರ ತುಟಿ ಅಲ್ಲಾಡುತ್ತಿತ್ತು, "ಲಾಭ, ಎರಡು, ಮೂರು, ನಾಕು." ಒಂದು ಎನ್ನುವ ಬದಲು ಲಾಭ. ಕೆಲಸದ ಮೇಲೆ ಎಷ್ಟು ಶ್ರದ್ಧೆ ನೋಡಿ ಎಂದು ನಾನು ಮನೆಯಲ್ಲಿ ಹೇಳಿಕೊಂಡಿದ್ದುಂಟು. ಏನು ಮಾಡುತ್ತಿದ್ದಾಳೆ, ಯಾಕೆ ಮಾಡುತ್ತಿದ್ದಾಳೆ ಎಂದು ಒಂದು ದಿನವೂ ಕೇಳಿರಲಿಲ್ಲ.

ಕಳೆದ ಫೆಬ್ರವರಿಯಲ್ಲಿ ಸ್ಥಾವರದಿಂದ ಪತ್ರ ಬಂತು. ಓದಿದವಳು ನಾನೇ. ಮೂರು ವರ್ಷಗಳ ವರದಿಗಳನ್ನು ಅವರು ಪಕ್ಕಪಕ್ಕದಲ್ಲಿ ಇಟ್ಟು ನೋಡಿದ್ದರು. ಒಂದೇ ಲಾರಿಯ ಮಾದರಿಗೆ ಅವರ ಲ್ಯಾಬಿನಲ್ಲಿ ಬರುವ ಬೂದಿಗಿಂತ ನಮ್ಮಲ್ಲಿ ಬರುವ ಬೂದಿ ಯಾವಾಗಲೂ ಕಡಿಮೆ. ಒಂದು ಸಲ ಹೆಚ್ಚು ಒಂದು ಸಲ ಕಡಿಮೆ ಆದರೆ ಯಾರೂ ಮಾತಾಡುವುದಿಲ್ಲ. ಇದು ಪ್ರತಿ ಸಲವೂ ಕಡಿಮೆ, ನೂರಕ್ಕೆ ಒಂದೂ ಕಾಲರಷ್ಟು. ಅವರ ಲೆಕ್ಕದಲ್ಲಿ ಹನ್ನೆರಡು ದಾಟಿದ ಎಷ್ಟೋ ಲಾರಿಗಳು ನಮ್ಮ ಲೆಕ್ಕದಲ್ಲಿ ಪಾಸಾಗಿದ್ದವು. ಇಪ್ಪತ್ತು ದಿನದೊಳಗೆ ಕಾರಣ ಕೊಡದಿದ್ದರೆ ನಮ್ಮ ಹೆಸರನ್ನು ಪಟ್ಟಿಯಿಂದ ತೆಗೆಯುವುದಾಗಿ ಬರೆದಿದ್ದರು. ಪೂರೈಕೆದಾರರು ಲ್ಯಾಬಿನ ಒಳಗಿನವರನ್ನು ಹಿಡಿದುಕೊಂಡಿರಬಹುದು ಎಂಬ ಮಾತೂ ಮೆತ್ತಗೆ ಸೇರಿಸಿದ್ದರು.

ನರೇಂದ್ರ ಕೆಟ್ಟವನಲ್ಲ, ಹೆದರುಪುಕ್ಕಲ. ಹೆದರಿದ ಮನುಷ್ಯನಿಗೆ ಕೈಗೆ ಸಿಗುವವರು ಯಾರು? ಕೆಳಗೆ ಕೂತವರು. ಕುಲುಮೆ, ತಕ್ಕಡಿ ಎಲ್ಲ ಪರೀಕ್ಷೆ ಮಾಡಿಸಿದ, ಸರಿಯಾಗಿದ್ದವು. ಉಳಿದದ್ದು ಮಾದರಿಯ ಕೋಣೆ. ಅದರ ಬೀಗದ ಕೈ ಇದ್ದದ್ದು ಹುಲಿಗೆವ್ವನ ಸೊಂಟದಲ್ಲಿ. ಸಾಲದ್ದಕ್ಕೆ ಸ್ಥಾವರಕ್ಕೆ ಪೆಲೆಟ್ಟು ಕಳಿಸುವವರಲ್ಲಿ ದೊಡ್ಡವನಾದ ಸಿದ್ದಾರೂಢ ಅವಳದೇ ತಾಲ್ಲೂಕಿನವನು, ಹೋದ ಸಂಕ್ರಾಂತಿಗೆ ಅವಳಿಗೆ ಒಂದು ಚೀಲ ಜೋಳ ತಂದುಕೊಟ್ಟಿದ್ದ. ಅಷ್ಟು ಸಾಕಾಯಿತು.

"ಚೀಲ ಚೇಂಜ್ ಮಾಡಿದ್ಯಾ, ಇಲ್ಲಾ ಒಳ್ಳೇ ಪೀಸ್ ಆರಿಸಿ ಹಾಕಿದ್ಯಾ? ನಿಜ ಹೇಳ್ಬಿಡು, ಪೊಲೀಸ್‌ಗೆಲ್ಲ ಹೋಗಲ್ಲ," ಎಂದ ನರೇಂದ್ರ. ನಾನು ಅಲ್ಲೇ ಇದ್ದೆ, ರವಿಕುಮಾರನೂ ಇದ್ದ.

"ನಾ ಯಾಕ ಬದಲಿ ಮಾಡ್ಲಿರಿ ಸಾಹೇಬ್ರ? ಬಂದ ರಾಶಿ ಬಂದಂಗ ಪಾಲು ಮಾಡೀನಿ."

"ಮತ್ತೆ ಮೂರು ವರ್ಷ ಹೆಂಗೆ ಕಮ್ಮಿ ಬಂತು? ಜೋಳ ಸುಮ್ನೆ ಕೊಟ್ನಾ ಅವ್ನು?"

"ಜೋಳ ಊರಿಂದು. ಅವ್ರ ಮನಿಯಾಗ ಬೆಳದಿದ್ದು, ಕೊಟ್ರು, ಇಸಗೊಂಡೆ. ಅದಕ್ಕ ನಾ ಕಳ್ಳಿ ಆದ್ನಾ?"

ಅವಳು ನನ್ನ ಕಡೆ ನೋಡಿದಳು. ಅವಳು ಅಂಥವಳಲ್ಲ ಎಂದು ಒಂದು ಮಾತು ಹೇಳಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ನಿಜ ಹೇಳುತ್ತೇನೆ, ಆ ಕ್ಷಣಕ್ಕೆ ನನಗೂ ಅನುಮಾನವಿತ್ತು. ಬಡವರು, ಊರಿನವನು ಕೇಳಿರಬಹುದು, ಕೈ ಜಾರಿರಬಹುದು ಎಂದುಕೊಂಡೆ. ನಾಳೆಯಿಂದ ಬರಬೇಡ ಎಂದು ನರೇಂದ್ರ ಬೀಗದ ಕೈ ಇಸಿದುಕೊಂಡ.

ಮಾರನೇ ದಿನ ಒಂಬತ್ತೂವರೆಗೆ ನಾನು ಬರುವಾಗ ಹುಲಿಗೆವ್ವ ಮೆಟ್ಟಿಲ ಮೇಲೆ ಕೂತಿದ್ದಳು. ಕೆಲಸದ ದಿನ ಉಡುವ ಸೀರೆ, ಪಕ್ಕದಲ್ಲಿ ಬುತ್ತಿ ಡಬ್ಬಿ. ಯಾರನ್ನೂ ಬೈಯಲಿಲ್ಲ, ಅಳಲಿಲ್ಲ. ಸಂಜೆ ಐದೂವರೆಗೆ ಎದ್ದು ಹೋದಳು. ಮರುದಿನವೂ ಹಾಗೆಯೇ. ದೋಸೆ ಹೋಟೆಲಿನವರು ಎರಡು ದಿನ ವಿಚಾರಿಸಿ ಮೂರನೇ ದಿನದಿಂದ ಅವಳಿಗೆ ಒಂದು ಲೋಟ ಕಾಫಿ ಕಳಿಸತೊಡಗಿದರು. ಬಸಪ್ಪ ಎದುರಿನ ಪಿಜಿ ಗೇಟಿನಲ್ಲಿ ನಿಂತು ಅವಳನ್ನೇ ನೋಡುತ್ತಿದ್ದ. ಯಾಕೆ ಕೂತಿದ್ದೀಯ ಎಂದು ನಾಲ್ಕನೇ ದಿನ ನಾನು ಕೇಳಿದೆ.

"ಮನಿಯಾಗ ಕುಂತ್ರ ತಪ್ಪು ಮಾಡೀನಿ ಅಂತ ಒಪ್ಪಿದಂಗ ಆಗ್ತದರಿ ಅಕ್ಕಾರ. ಕೆಲಸ ಹೋದ್ರ ಹೋಗ್ಲಿ, ಬಿಟಿಎಂನಾಗ ಮನಿಗೆಲಸಕ್ಕೇನು ಬರ ಇಲ್ಲ. ಕಳ್ಳಿ ಅನ್ನೋ ಹೆಸರು ಹೊತ್ಕೊಂಡು ನಾ ಹೋಗಾಂಗಿಲ್ಲ."

ಮೆಟ್ಟಿಲು ಕಿರಿದು. ಹತ್ತಬೇಕಾದರೆ ಅವಳ ಸೀರೆಯ ಸೆರಗು ದಾಟಿಯೇ ಹೋಗಬೇಕು. ದಿನಕ್ಕೆ ನಾಲ್ಕು ಸಲ ದಾಟುತ್ತಿದ್ದೆ. ಆರನೇ ದಿನ ಸಂಜೆ ನಾನು ಮನೆಗೆ ಹೋಗದೆ ಸೀದಾ ಜಯನಗರ ನಾಲ್ಕನೇ ಟಿ ಬ್ಲಾಕಿಗೆ ಜಯಸಿಂಹ ಅವರ ಮನೆಗೆ ಹೋದೆ.

ಜಯಸಿಂಹ ಅವರಿಗೆ ಎಪ್ಪತ್ತೊಂದು. ಮೂವತ್ತೈದು ವರ್ಷ ಕಲ್ಲಿದ್ದಲು ಪರೀಕ್ಷೆ ಮಾಡಿ ನಿವೃತ್ತರಾದವರು. ನಮ್ಮ ಯಜಮಾನರ ಜೊತೆ ಪಾರ್ಕಿನಲ್ಲಿ ವಾಕ್ ಮಾಡುತ್ತಿದ್ದರಿಂದ ಪರಿಚಯ. ಮೀಸೆಯಲ್ಲಿ ಇನ್ನೂ ಕಲ್ಲಿದ್ದಲಿದೆ ಎಂದು ಅವರ ಹೆಂಡತಿ ರೇಗಿಸುತ್ತಾರೆ. ಪೆಲೆಟ್ಟೆಂದರೆ ಅವರಿಗೆ ಅಷ್ಟಕ್ಕಷ್ಟೆ. "ಅದೇನು ಫ್ಯೂಯೆಲ್ ಅಮ್ಮ, ಹುಲ್ಲು. ನಮ್ಮ ಕಾಲದಲ್ಲಿ ಒಲೆಗೆ ಹಾಕ್ತಿದ್ರು," ಎಂದರು ಮೊದಲಿಗೆ. ನಾನು ಅಂಕಿಗಳನ್ನು ಹೇಳಿದೆ. ಪ್ರತಿ ಸಲವೂ ಕಡಿಮೆ, ಅದೂ ಹೆಚ್ಚುಕಡಿಮೆ ಅಷ್ಟೇ ಕಡಿಮೆ ಎಂದಾಗ ಅವರು ಕಾಫಿ ಲೋಟ ಕೆಳಗಿಟ್ಟರು.

"ಕಳ್ಳ ಇಷ್ಟು ನೀಟಾಗಿ ಕದಿಯಲ್ಲ," ಎಂದರು. "ದುಡ್ಡು ಕೊಟ್ಟೋರಿಗೆ ಕಮ್ಮಿ ಮಾಡ್ತಾನೆ, ಕೊಡದೇ ಇರೋರಿಗೆ ಬಿಡ್ತಾನೆ. ಎಲ್ಲಾ ಲಾರಿಗೂ ಒಂದೇ ಸಮ ಅಂದ್ರೆ ಅದು ಅಭ್ಯಾಸ. ಯಾರದೋ ಕೈ ಅಭ್ಯಾಸ. ನಾಳೆ ಬರ್ತೀನಿ. ಆ ಹೆಂಗಸು ಇರ್ಬೇಕು."

"ಇರ್ತಾಳೆ ಸಾರ್, ಮೆಟ್ಟಿಲ ಮೇಲೆ," ಎಂದೆ.

ನರೇಂದ್ರನಿಗೆ ಬೇರೆ ದಾರಿ ಇರಲಿಲ್ಲ. ಪತ್ರದ ಗಡುವಿಗೆ ಒಂಬತ್ತು ದಿನ ಉಳಿದಿತ್ತು, ಹಳೇ ಹುಲಿಯೊಬ್ಬರು ಬಿಟ್ಟಿ ಬಂದು ನೋಡುತ್ತಾರೆಂದರೆ ಬೇಡ ಎನ್ನುವುದೆಂತು? ಜಯಸಿಂಹ ಅವರು ಹತ್ತು ಗಂಟೆಗೆ ಬಂದು, ಮೆಟ್ಟಿಲ ಮೇಲಿದ್ದವಳಿಗೆ ನಮಸ್ಕಾರ ಮಾಡಿ, "ನೀವೇನಮ್ಮ ಪಾಲು ಮಾಡೋರು? ಬನ್ನಿ, ಒಂದು ಸಲ ನಾನು ನೋಡ್ಬೇಕು," ಎಂದರು. ಕಪಾಟಿನಿಂದ ಸಿದ್ದಾರೂಢನ ಒಂದು ಲಾರಿಯ ಮೂರನೇ ಚೀಲ ತೆಗೆಸಿದರು. ಆ ಲಾರಿಗೆ ಸ್ಥಾವರದವರ ಅಂಕಿ ಹನ್ನೆರಡು ಪಾಯಿಂಟ್ ಎಂಟು, ನಮ್ಮದು ಹನ್ನೊಂದೂವರೆ. ದಿನಾ ಹೇಗೆ ಮಾಡುತ್ತೀರೋ ಹಾಗೇ ಮಾಡಿ, ನಾನು ಇದ್ದೀನಿ ಅಂತ ಒಂದಿಷ್ಟೂ ಬದಲಿಸಬೇಡಿ ಎಂದು ಹೇಳಿ ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತರು. ನರೇಂದ್ರ, ರವಿಕುಮಾರ, ನಾನು ಬಾಗಿಲಲ್ಲಿ.

ಹುಲಿಗೆವ್ವ ಚಪ್ಪಲಿ ಬಿಟ್ಟು ಒಳಗೆ ಹೋದಳು. ಸುರಿದಳು. ಮೂರು ಸಲ ರಾಶಿ ಮಾಡಿದಳು. ರಾಶಿಯ ತುದಿ ನಡುವಿನಲ್ಲೇ ನಿಲ್ಲುವಂತೆ, ಎಲ್ಲ ಕಡೆಗೂ ಒಂದೇ ಸಮ ಜಾರುವಂತೆ ಸುರಿಯುವುದು ಕಷ್ಟದ ಕೆಲಸವಂತೆ. ಜಯಸಿಂಹ ಅವರು ತಲೆದೂಗುತ್ತಿದ್ದರು. ಚಪ್ಪಟೆ ಮಾಡಿ, "ಲಾಭ, ಎರಡು, ಮೂರು, ನಾಕು." ಪಾಲುಗಳನ್ನು ಹಲಗೆಯಿಂದ ಸರಿಸಿ ಬೇರೆ ಬೇರೆ ಡಬ್ಬಕ್ಕೆ ಹಾಕಿದಳು. ತಟ್ಟೆಯ ನಡುವೆ ಕೆಳಗೆ ಸೋರಿದ್ದ ಪುಡಿ ಉಳಿದಿತ್ತು, ಹೆಚ್ಚೆಂದರೆ ಒಂದು ಹಿಡಿ. ಅದಕ್ಕೆ ಹಲಗೆ ತಾಗಿಸಲಿಲ್ಲ. ಬಲಗೈಯಿಂದ ಮೆಲ್ಲಗೆ ಬಾಚಿ ತೆಗೆದು ಹಿಂದಿದ್ದ ಒಂದು ಗೋಣಿಚೀಲಕ್ಕೆ ಹಾಕಲು ತಿರುಗಿದಳು.

"ಒಂದು ನಿಮಿಷ," ಎಂದರು ಜಯಸಿಂಹ. "ಅದೇನಮ್ಮ ಕೈಯಲ್ಲಿ?"

"ಇದು ರಾಶಿದ್ರಿ."

"ರಾಶಿದು ಅಂದ್ರೆ?"

ಅವಳಿಗೆ ಇದನ್ನೇಕೆ ಕೇಳುತ್ತಾರೆ ಎಂಬಂತೆ ಆಶ್ಚರ್ಯ. "ರಾಶಿ ಪೂರ್ತಿ ಬರಿದು ಮಾಡಬಾರದಲ್ರಿ. ಕಣದಾಗ ಜ್ವಾಳ ಅಳಿಯೋವಾಗ ಅವ್ವ ಹೇಳ್ತಿದ್ಲು, ಮಾತಾಡಬ್ಯಾಡ, ಮೊದಲನೇದಕ್ಕ ಲಾಭ ಅನ್ನು, ಕಡೀ ಹಿಡಿ ಬಾಚಬ್ಯಾಡ, ಅದು ರಾಶಿಗೇ ಇರ್ಲಿ ಅಂತ. ಬರಿದು ಮಾಡಿದ್ರ ಮುಂದಿನ ವರ್ಸ ರಾಶಿ ಬರಾಂಗಿಲ್ಲ. ಇಲ್ಲಿ ತಟ್ಟಿ ಬೇಕಲ್ರಿ ಮುಂದಿನ ಚೀಲಕ್ಕ, ಅದಕ್ಕ ತೆಗದು ಚೀಲದಾಗ ಹಾಕ್ತೀನಿ. ಅಮಾಸಿಗೊಮ್ಮೆ ಕೆರಿ ದಂಡಿ ಹೊಂಗೀ ಗಿಡದ ಬುಡಕ್ಕ ಸುರೂತೀನಿ. ಕಸದಾಗ ಹಾಕಿಲ್ರಿ ಒಂದಿನಾನೂ."

ರವಿಕುಮಾರ ಗದಗಿನವನು. ಬಿಟಿಎಂನಲ್ಲಿ ನಾಲ್ಕು ವರ್ಷ ಇದ್ದು ಮಗಾ, ಗುರು ಎಂದು ಮಾತಾಡಲು ಕಲಿತಿದ್ದಾನೆ. ಅವನು ನೆಲ ನೋಡುತ್ತ, "ನಮ್ಮಜ್ಜಿನೂ ಹಂಗ ಮಾಡ್ತಿದ್ಲು," ಎಂದ. ನಾಲ್ಕು ವರ್ಷದಲ್ಲಿ ಅವನ ಬಾಯಿಂದ ಊರಿನ ಮಾತು ಕೇಳಿದ್ದು ನಾನು ಅದೇ ಮೊದಲು.

ಜಯಸಿಂಹ ಅವರು ಆ ಹಿಡಿಯನ್ನು ಒಂದು ಬಟ್ಟಲಿಗೆ ಹಾಕಿಸಿ ತೂಗಿಸಿದರು. ನೂರಿಪ್ಪತ್ತು ಗ್ರಾಂ. ಬೆರಳಿನ ನಡುವೆ ಉಜ್ಜಿ ನರೇಂದ್ರನ ಅಂಗೈಗೂ ಸ್ವಲ್ಪ ಹಾಕಿದರು. ಚರಚರ ಎಂದಿತು, ಮಣ್ಣು. ಹತ್ತಿಯ ಕಟ್ಟಿಗೆಯನ್ನು ಬೇರುಸಹಿತ ಕಿತ್ತು ಹಾಗೇ ಯಂತ್ರಕ್ಕೆ ಹಾಕುತ್ತಾರೆ, ಬೇರಿಗೆ ಅಂಟಿದ ಮಣ್ಣು ಪೆಲೆಟ್ಟಿನಲ್ಲಿ ಸೇರಿಕೊಳ್ಳುತ್ತದೆ, ಅಲುಗಾಡಿದಾಗ ಪುಡಿಯಾಗಿ ಉದುರಿ ರಾಶಿಯ ತಳಕ್ಕೆ ಇಳಿಯುತ್ತದೆ ಎಂದು ವಿವರಿಸಿದರು. ಮಣ್ಣು ಉರಿಯುವುದಿಲ್ಲ, ಅಷ್ಟೂ ಬೂದಿಯ ಲೆಕ್ಕಕ್ಕೆ ಬರುತ್ತದೆ. ತಳದ ಹಿಡಿಯನ್ನು ಬಿಟ್ಟರೆ ಬೂದಿಯ ದೊಡ್ಡ ಪಾಲನ್ನೇ ಬಿಟ್ಟಂತೆ.

ಪಾಲನ್ನೂ ಹಿಡಿಯನ್ನೂ ಬೇರೆ ಬೇರೆಯಾಗಿ ಕುಲುಮೆಗೆ ಇಟ್ಟರು. ಹುಲಿಗೆವ್ವ ಮತ್ತೆ ಮೆಟ್ಟಿಲಿಗೆ ಹೋಗಿ ಕೂತಳು, ಒಳಗೆ ಕೂತುಕೋ ಎಂದರೂ ಕೇಳಲಿಲ್ಲ. ನಾಲ್ಕು ಗಂಟೆಗೆ ಅಂಕಿ ಬಂತು. ಪಾಲಿನಲ್ಲಿ ಬೂದಿ ನೂರಕ್ಕೆ ಹನ್ನೊಂದೂವರೆ. ಹಿಡಿಯಲ್ಲಿ ನೂರಕ್ಕೆ ಐವತ್ತನಾಲ್ಕು. ಎರಡನ್ನೂ ತೂಕದ ಪ್ರಕಾರ ಸೇರಿಸಿದಾಗ ಬಂದದ್ದು ಹನ್ನೆರಡು ಪಾಯಿಂಟ್ ಎಂಟು, ಸ್ಥಾವರದವರ ಅಂಕಿಯೇ. ಗೋಣಿಚೀಲದಲ್ಲಿದ್ದ ಆ ತಿಂಗಳ ಹಿಡಿಗಳನ್ನೂ ಕಲಸಿ ಸುಟ್ಟು ನೋಡಿದರು, ಅಲ್ಲೂ ಅರ್ಧಕ್ಕರ್ಧ ಬೂದಿ. ಅವಳು ಅದನ್ನು ಕಸಕ್ಕೆ ಹಾಕಿದ್ದರೆ ಸಾಕ್ಷಿಯೂ ಕಸಕ್ಕೆ ಹೋಗಿರುತ್ತಿತ್ತು.

ನನಗೆ ಹೋದ ಜೀವ ಬಂದ ಹಾಗಾಯಿತು. ಎಷ್ಟು ಸಂತೋಷವೋ ಅಷ್ಟೇ ನಾಚಿಕೆ. ಓಡಿಹೋಗಿ ಅವಳಿಗೆ ಹೇಳಿದೆ, ನೀನು ಕದ್ದಿಲ್ಲ ಅಂತ ಗೊತ್ತಾಯ್ತು ಎಂದು. ಅವಳ ಮುಖ ಅರಳಲಿಲ್ಲ. "ಅಂದ್ರ ಮೂರು ವರ್ಸದ ಲೆಕ್ಕ ನನ್ನ ಕೈಯಿಂದ ತಪ್ಪಾತೇನ್ರಿ?" ಎಂದು ಕೇಳಿದಳು.

ಒಳಗೆ ನರೇಂದ್ರ ಆಗಲೇ ಉತ್ತರ ಬರೆಸಲು ಕೂತಿದ್ದ. "ಟೈಪ್ ಮಾಡ್ಕೊಳ್ಳಿ ಮೇಡಂ. ಸಹಾಯಕಿ ಸೂಚನೆಗಳನ್ನು ಪಾಲಿಸದೆ ತಪ್ಪು ಮಾಡಿದ್ದಾಳೆ, ಅವಳನ್ನು ಕೆಲಸದಿಂದ ತೆಗೆಯಲಾಗಿದೆ. ಸಾರ್ ಒಂದು ಸೈನ್ ಹಾಕ್ಬಿಟ್ರೆ ಮುಗೀತು."

"ಯಾವ ಸೂಚನೆ?" ಎಂದರು ಜಯಸಿಂಹ.

ರವಿಕುಮಾರ ಗೋಡೆ ತೋರಿಸಿದ. ಮಾದರಿಯ ಕೋಣೆಯಲ್ಲಿ ಪ್ಲಾಸ್ಟಿಕ್ ಹೊದಿಸಿ ಅಂಟಿಸಿದ ಒಂದು ಹಾಳೆ, ಹನ್ನೊಂದು ಸಾಲು, ಅಷ್ಟೂ ಇಂಗ್ಲಿಷು. ಹನ್ನೊಂದನೇ ಸಾಲು, ತಟ್ಟೆಯಲ್ಲಿ ಉಳಿದ ಪುಡಿಯನ್ನೆಲ್ಲ ಬ್ರಷ್ಷಿನಿಂದ ಗುಡಿಸಿ ಪಾಲುಗಳಿಗೆ ಸಮವಾಗಿ ಸೇರಿಸಬೇಕು, ಏನೂ ಉಳಿಸಬಾರದು ಎಂದು. ಅದರ ಕೆಳಗೆ, ಇದನ್ನು ಕೆಲಸಗಾರರಿಗೆ ಓದಿ ವಿವರಿಸಲಾಗಿದೆ ಎಂದು. ಅದರ ಕೆಳಗೆ ಕನ್ನಡದಲ್ಲಿ ಗುಂಡಗೆ, ಒಂದೊಂದೇ ಅಕ್ಷರ ಕೂಡಿಸಿ ಬರೆದ ಸಹಿ, ಹುಲಿಗೆವ್ವ.

"ಇದನ್ನ ಆ ಹೆಂಗಸಿಗೆ ಓದಿ ಹೇಳಿದೋರು ಯಾರು?"

ರವಿಕುಮಾರ ನರೇಂದ್ರನನ್ನು ನೋಡಿದ, ನರೇಂದ್ರ ನನ್ನನ್ನು ನೋಡಿದ. ಆ ಹಾಳೆ ಟೈಪ್ ಮಾಡಿದವಳು ನಾನು. ಅವಳು ಆ ಕೋಣೆಗೆ ಬಂದ ಮೊದಲ ದಿನ ಸಹಿ ಹಾಕಿಸಿಕೊಂಡವಳೂ ನಾನೇ. ಇಲ್ಲಿ ಒಂದು ಸೈನ್ ಹಾಕಮ್ಮ ಎಂದು ಬೆರಳು ತೋರಿಸಿದ್ದೆ. ಏನ್ರಿ ಇದು ಎಂದು ಅವಳು ಕೇಳಿದ್ದಳು. ಏನಿಲ್ಲ, ರೂಲ್ಸು, ಎಲ್ಲರದ್ದೂ ತಗೋತೀವಿ ಎಂದಿದ್ದೆ. ನನಗೆ ಬಸ್ಸಿನ ಹೊತ್ತಾಗಿತ್ತು.

"ನಾನೇ ಸಾರ್," ಎಂದೆ. "ಓದಿ ಹೇಳ್ಲಿಲ್ಲ. ಸೈನ್ ಮಾತ್ರ ತಗೊಂಡೆ."

ಜಯಸಿಂಹ ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬೈಯಲಿಲ್ಲ. ನರೇಂದ್ರನಿಗೆ, "ನಾನು ಸೈನ್ ಹಾಕೋದು ಒಂದೇ ಲೆಟರ್‌ಗೆ. ಕೆಲಸ ಕಲಿಸದೇ ಕೆಲಸ ಮಾಡಿಸಿದ್ದೀವಿ, ತಪ್ಪು ಲ್ಯಾಬಿಂದು, ಮೂರು ವರ್ಷದ್ದೂ ತಿದ್ದಿ ಕೊಡ್ತೀವಿ ಅಂತ ಬರೀರಿ. ಆ ಹೆಂಗಸಿನ ಹೆಸರು ಬರಕೂಡದು. ಅವಳಷ್ಟು ಚೆನ್ನಾಗಿ ರಾಶಿ ಹಾಕೋ ಕೈ ನಾನು ಸರ್ವೀಸಲ್ಲಿ ಇಬ್ಬರದ್ದೋ ಮೂವರದ್ದೋ ನೋಡಿರ್ಬೇಕು," ಎಂದರು. ನರೇಂದ್ರ ಅರ್ಧ ಗಂಟೆ ಅಡ್ಡಾಡಿದ. ಕೊನೆಗೆ ಹಾಗೇ ಬರೆಸಿದ. ಸ್ಥಾವರದವರು ಒಪ್ಪಿಕೊಂಡು, ಆರು ತಿಂಗಳು ಕಣ್ಣಿಟ್ಟು ನೋಡುತ್ತೇವೆ ಎಂದು ಉತ್ತರ ಕಳಿಸಿದರು.

ಆ ಸಂಜೆ ಪತ್ರದ ಈ ಮಾತು ನಡೆಯುವಾಗ ಹುಲಿಗೆವ್ವ ಬಾಗಿಲಿಗೆ ಬಂದು ನಿಂತಿದ್ದಳು. ನಾನು ಗೋಡೆಯ ಹಾಳೆಯನ್ನು ಕಿತ್ತು ತಂದು ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತು, ಒಂದೊಂದೇ ಸಾಲನ್ನು ಕನ್ನಡದಲ್ಲಿ ಓದಿ ಹೇಳಿದೆ. ಹತ್ತು ಸಾಲಿನಲ್ಲಿ ಅವಳು ಮಾಡದೇ ಇದ್ದದ್ದು ಒಂದೂ ಇರಲಿಲ್ಲ. ಹನ್ನೊಂದನೆಯದನ್ನು ಇನ್ನೊಂದು ಸಲ ಓದಿಸಿಕೊಂಡಳು.

"ಇದನ್ನ ಆವತ್ತ ಹೇಳಿದ್ರ ಆಗ್ತಿರ್ಲಿಲ್ಲೇನ್ರಿ ಅಕ್ಕಾರ?" ಎಂದಳು.

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ಕಣ್ಣಲ್ಲಿ ನೀರು ಬಂತು, ಸೆರಗಿನಿಂದ ಒರೆಸಿಕೊಂಡೆ.

ಆ ರಾತ್ರಿ ಮನೆಯಲ್ಲಿ ಕೂತು ಹಾಳೆಯನ್ನು ಕನ್ನಡಕ್ಕೆ ಇಳಿಸಿದೆ. ಬೆಳಿಗ್ಗೆ ದೊಡ್ಡ ಅಕ್ಷರದಲ್ಲಿ ಅಚ್ಚು ಮಾಡಿ ಅವಳ ಮುಂದಿಟ್ಟೆ. ನಾಲ್ಕನೇ ಕ್ಲಾಸಿನವರೆಗೆ ಓದಿದ್ದಾಳೆ, ಬೆರಳಿಟ್ಟುಕೊಂಡು ನಿಧಾನವಾಗಿ ಓದಿದಳು. ಹನ್ನೊಂದನೇ ಸಾಲಿನ ಮೇಲೆ ಬೆರಳು ನಿಂತಿತು. ಜಯಸಿಂಹ ಅವರು, ರವಿಕುಮಾರ ಇಬ್ಬರೂ ಅಲ್ಲೇ ಇದ್ದರು.

"ಬರಿದು ಮಾಡ್ತೀನ್ರಿ," ಎಂದಳು. "ಲೆಕ್ಕಕ್ಕ ಬೇಕಂದ ಮ್ಯಾಲ ಮಾಡಬೇಕು. ಆದ್ರ ತಟ್ಟಿ ಬರಿದು ಬಿಟ್ಟು ಹೋಗಾಕ ನನ್ನ ಕೈ ಬರಾಂಗಿಲ್ಲ. ಪೂರಾ ಗುಡಿಸಿ ಒರಸಿದ ಮ್ಯಾಲ ಒಂದು ಜ್ವಾಳದ ಕಾಳು ಇಡ್ತೀನಿ. ಮುಂದಿನ ಚೀಲ ಸುರಿಯೂ ಮುಂದ ತೆಗೀತೀನಿ."

"ಸ್ಯಾಂಪಲ್ ತಟ್ಟೇಲಿ ಬೇರೆ ಕಾಳು ಹೆಂಗೆ ಸಾರ್, ಕಂಟಾಮಿನೇಷನ್ ಅಂತಾರೆ," ಎಂದ ರವಿಕುಮಾರ.

"ಸುರಿಯೋಕೆ ಮುಂಚೆ ತೆಗೀತಾರಂತಲ್ಲ. ಕಾಳು ಇದ್ರೆ ತಟ್ಟೆ ಕ್ಲೀನ್ ಆಗಿದೆ, ಇಲ್ದಿದ್ರೆ ಆಗಿಲ್ಲ. ಕ್ಲೀನ್ ಅಂತ ಬರೆದು ನೀವು ಕಟ್ಟೋ ಟ್ಯಾಗಿಗಿಂತ ಚೆನ್ನಾಗಿದೆ," ಎಂದ ಜಯಸಿಂಹ ಅವರು ನನ್ನ ಕಡೆ ತಿರುಗಿ, "ಹನ್ನೆರಡನೇ ಸಾಲು ಸೇರಿಸಿ ಅಮ್ಮ," ಎಂದರು.

ಸೇರಿಸಿದೆ. ಈಗ ತಟ್ಟೆಯ ನಡುವೆ ಒಂದು ಕಾಳು ಇರುತ್ತದೆ, ಸಿದ್ದಾರೂಢ ತಂದುಕೊಟ್ಟ ಅದೇ ಚೀಲದ್ದು. ಮೊನ್ನೆ ತಪಾಸಣೆಗೆ ಬಂದವರು ಅದೇನೆಂದು ಕೇಳಿದಾಗ ರವಿಕುಮಾರ ಗಂಭೀರವಾಗಿ ಹನ್ನೆರಡನೇ ಸಾಲನ್ನು ತೋರಿಸಿದ. ಸಿದ್ದಾರೂಢನ ಎರಡು ಲಾರಿ ನಮ್ಮ ಲೆಕ್ಕದಲ್ಲೇ ಫೇಲಾದವು. ಅವನು ಹುಲಿಗೆವ್ವನಿಗೆ ಫೋನು ಮಾಡಿ ಕೂಗಾಡಿದ. ಬೇರಿನ ಮಣ್ಣು ಬಡಿದು ಹಾಕ್ರಿ, ಆಮೇಲೆ ನನ್ನ ಕೂಡ ಮಾತಾಡ್ರಿ ಎಂದು ಇವಳು ಫೋನಿಟ್ಟಳು. ನರೇಂದ್ರ ಕ್ಷಮೆ ಕೇಳಲಿಲ್ಲ, ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟು ಹೋದ. ಕುರ್ಚಿ ತರಿಸುತ್ತೇನೆ ಎಂದರೆ ಅವಳೇ ಬೇಡ ಎಂದಿದ್ದಾಳೆ, ಕುರ್ಚಿಯ ಮೇಲೆ ಕೂತು ರಾಶಿ ಮಾಡಲು ಬರುವುದಿಲ್ಲವಂತೆ.

ಹನ್ನೆರಡು ಸಾಲಿನ ಆ ಹೊಸ ಹಾಳೆಗೆ ಅವಳು ಸಹಿ ಹಾಕಿದ ದಿನದ ಮಾತು ಒಂದು ಉಳಿದಿದೆ. ಗುಂಡಗೆ ಹೆಸರು ಬರೆದಳು. ನಾನು ಹಾಳೆ ತೆಗೆದುಕೊಳ್ಳಲು ಕೈ ಚಾಚಿದೆ. ಅವಳು ಕೊಡಲಿಲ್ಲ. ಓದಿ ವಿವರಿಸಲಾಗಿದೆ ಎಂಬ ಸಾಲಿನ ಮೇಲೆ ಬೆರಳಿಟ್ಟು, ಪೆನ್ನನ್ನು ನನ್ನ ಕಡೆ ಹಿಡಿದಳು.

"ನೀವೂ ಹಾಕ್ರಿ, ಓದಿ ಹೇಳೀನಿ ಅಂತ."

ನಾನು ಹಾಕಿದೆ. ಅವಳ ಹೆಸರಿನ ಕೆಳಗೆ, ಕನ್ನಡದಲ್ಲಿ.